ಕವಿಯ ಮನೆಯೊಳಗಿನ ಬರೆಯುವ ಕೋಣೆ

ಮನೆಯಲ್ಲಿಯೇ ಕುಳಿತು ಕಚೇರಿಯ ಕೆಲಸ ಮಾಡುವುದು ಇತ್ತೀಚಿನ ಪದ್ಧತಿಯೆಂದು ಅನೇಕರು ತಿಳಿದಿದ್ದಾರೆ. ೨೦೨೦ರಲ್ಲಿ ಮಹಾಮಾರಿಯ ದೆಸೆಯಿಂದ ಕಚೇರಿ ಕಾಲೇಜುಗಳ ಬಾಗಿಲು ಮುಚ್ಚಿದಾಗ ಊಟದ ಮೇಜು ಕಚೇರಿಯ ಮೇಜಾಯಿತು, ನಡುಮನೆಯೇ ತರಗತಿಯಾಯಿತು. ಅಂದಿನಿಂದ ಮನೆ ಕಟ್ಟಿಸುವವರಲ್ಲಿ ಕೆಲವರು ದೇವರ ಮನೆ ಅಡುಗೆ ಮನೆಗಳ ಜೊತೆಗೆ ಕೆಲಸದ ಕೋಣೆಯೊಂದನ್ನೂ ನಕ್ಷೆಯಲ್ಲಿ ಸೇರಿಸುತ್ತಿದ್ದಾರೆ. ಕುರ್ಚಿ ಎಂಥದಿರಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು, ದಿನವನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಉಪದೇಶಕ್ಕೂ ಕೊರತೆಯಿಲ್ಲ. ಆದರೆ ಇದೇ ಉಪದೇಶವನ್ನು ಸಾವಿರದ ನೂರು ವರ್ಷಗಳ ಹಿಂದೆ ನಮ್ಮ ದೇಶದ ಕವಿಯೊಬ್ಬನು, ಹಿತ್ತಲ ಮರದಿಂದ ಹಿಡಿದು ಮಸಿಕುಡಿಕೆಯವರೆಗೆ ಒಂದನ್ನೂ ಬಿಡದೆ ಬರೆದಿಟ್ಟಿದ್ದಾನೆ. ಅವನು ರಾಜಶೇಖರ. ಗ್ರಂಥದ ಹೆಸರು ‘ಕಾವ್ಯಮೀಮಾಂಸಾ’. ಅದರ ಹತ್ತನೆಯ ಅಧ್ಯಾಯ ಕವಿಯ ಮನೆಯನ್ನೂ ದಿನಚರಿಯನ್ನೂ ಕುರಿತದ್ದು. ತರಗತಿಗಳಲ್ಲಿ ನಾವು ಪ್ರತಿಭೆ, ವ್ಯುತ್ಪತ್ತಿ, ಪಾಕ ಎಂಬ ಗಂಭೀರ ವಿಷಯಗಳ ಬಳಿ ನಿಂತು, ಈ ಅಧ್ಯಾಯವನ್ನು ಮುಗುಳುನಗೆಯೊಡನೆ ದಾಟಿಬಿಡುವುದು ವಾಡಿಕೆ. ನನಗಾದರೋ ಗ್ರಂಥದ ಜೀವವಿರುವುದು ಅಲ್ಲಿಯೇ ಎಂದು ತೋರುತ್ತದೆ.

ರಾಜಶೇಖರನು ಮಹಾರಾಷ್ಟ್ರ ಮೂಲದ ಯಾಯಾವರ ಕುಲದವನು. ಕನೌಜಿನ ಪ್ರತೀಹಾರ ದೊರೆ ಮಹೇಂದ್ರಪಾಲನಿಗೆ ಗುರುವಾಗಿದ್ದನು. ಅವನ ಮಗ ಮಹೀಪಾಲನ ಆಸ್ಥಾನದಲ್ಲಿಯೂ ಇದ್ದನು. ‘ಬಾಲರಾಮಾಯಣ’, ‘ಬಾಲಭಾರತ’, ‘ವಿದ್ಧಶಾಲಭಂಜಿಕಾ’ ಎಂಬ ಸಂಸ್ಕೃತ ರೂಪಕಗಳನ್ನೂ, ಪ್ರಾಕೃತದಲ್ಲಿ ‘ಕರ್ಪೂರಮಂಜರಿ’ಯನ್ನೂ ರಚಿಸಿದನು. ‘ಕಾವ್ಯಮೀಮಾಂಸಾ’ ಹದಿನೆಂಟು ಅಧಿಕರಣಗಳ ದೊಡ್ಡ ಗ್ರಂಥವಾಗಬೇಕೆಂಬುದು ಅವನ ಯೋಜನೆ. ನಮಗೆ ದಕ್ಕಿರುವುದು ‘ಕವಿರಹಸ್ಯ’ವೆಂಬ ಮೊದಲನೆಯ ಅಧಿಕರಣ ಮಾತ್ರ. ೧೯೧೬ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಅದು ಅಚ್ಚಾಯಿತು. ಗ್ರಂಥದಲ್ಲಿ ತನ್ನ ಅಭಿಪ್ರಾಯವನ್ನು ಹೇಳುವಾಗ ಅವನು ‘ಯಾಯಾವರೀಯ’ನೆಂದು ತನ್ನನ್ನು ಕರೆದುಕೊಳ್ಳುತ್ತಾನೆ. ಯಾಯಾವರ ಎಂದರೆ ಅಲೆಯುವವನು. ಅಲೆಮಾರಿಯೆಂಬ ಕುಲನಾಮವನ್ನು ಹೊತ್ತವನೇ ಮನೆಯಲ್ಲಿ ನೆಟ್ಟಗೆ ಕುಳಿತು ಕೆಲಸ ಮಾಡುವುದು ಹೇಗೆಂದು ಹೇಳಿಕೊಟ್ಟದ್ದು ಒಂದು ವಿನೋದವೇ ಸರಿ.

ಅವನ ಕವಿಯ ಮನೆ ಹೇಗಿರಬೇಕು? ಮೊದಲು ಗುಡಿಸಿ ಸಾರಿಸಿ ಚೊಕ್ಕಟವಾಗಿರಬೇಕು. ಆರು ಋತುಗಳಿಗೂ ಒಪ್ಪುವಂತೆ ಕುಳಿತುಕೊಳ್ಳಲು ಬೇರೆ ಬೇರೆ ಎಡೆಗಳಿರಬೇಕು. ಮರದ ಬುಡದಲ್ಲಿ ಒರಗಿ ಕೂರಲು ಅನುವಾದ ತೋಟ, ಕೊಳ, ಹರಿಯುವ ಕಾಲುವೆ ಇರಬೇಕು. ನವಿಲು, ಜಿಂಕೆ, ಹಂಸ, ಗಿಳಿ, ಗೊರವಂಕಗಳಿರಬೇಕು. ಬೇಸಗೆಯ ಬೇಗೆ ತಟ್ಟದಂತೆ ನೆಲಮನೆ, ನೀರು ಚಿಮ್ಮುವ ಧಾರಾಗೃಹ, ಬಳ್ಳಿಮಾಡ, ಉಯ್ಯಾಲೆ ಇರಬೇಕು. ಇದನ್ನು ಓದಿದ ಯಾವ ವಿದ್ಯಾರ್ಥಿಯೂ ನಗದಿರುವುದಿಲ್ಲ. ಇದು ಕವಿಯ ಮನೆಯೋ ಅರಸನ ಉದ್ಯಾನವೋ ಎಂದು ಕೇಳುತ್ತಾರೆ. ಕೇಳತಕ್ಕದ್ದೇ. ಆದರೆ ವರ್ಣನೆಯ ಒಡವೆಗಳನ್ನು ಕಳಚಿಟ್ಟು ನೋಡಿದರೆ ಉಳಿಯುವುದು ನಾಲ್ಕೇ ಮಾತು: ಚೊಕ್ಕಟ, ಗಾಳಿಬೆಳಕು, ಕಾಲಕ್ಕೆ ತಕ್ಕಂತೆ ಎಡೆಯನ್ನು ಬದಲಾಯಿಸುವ ಅನುಕೂಲ, ದಣಿದ ಕಣ್ಣಿಗೆ ಹಸಿರು. ಇಷ್ಟನ್ನು ಒಬ್ಬ ಬಡ ಮೇಷ್ಟರೂ ತನ್ನ ಜಗಲಿಯಲ್ಲಿ ಒದಗಿಸಿಕೊಳ್ಳಬಹುದು.

ಕವಿಯ ಮೈಯೂ ಅವನ ಕೋಣೆಯ ಒಂದು ಭಾಗವೆಂದೇ ರಾಜಶೇಖರನ ಎಣಿಕೆ. ಉಗುರು ಕತ್ತರಿಸಿರಬೇಕು, ಬಾಯಲ್ಲಿ ತಾಂಬೂಲವಿರಬೇಕು, ಉಡುವ ಬಟ್ಟೆ ಬೆಲೆಯುಳ್ಳದ್ದಾದರೂ ಕಣ್ಣು ಕುಕ್ಕುವಂಥದಾಗಿರಬಾರದು, ಮುಡಿಯಲ್ಲಿ ಹೂವಿರಬೇಕು. ಕವಿಯ ಸ್ವಭಾವ ಹೇಗೋ ಕಾವ್ಯವೂ ಹಾಗೆ ಎಂಬುದು ಅವನ ಸಿದ್ಧಾಂತ. ಮನೆಯಲ್ಲಿ ಮಾಡುವ ಕೆಲಸವೆಂದು ಮುದುರಿದ ಬಟ್ಟೆಯಲ್ಲಿಯೇ ಕುಳಿತುಬಿಡುವ ನಮ್ಮ ಕಾಲದವರಿಗೂ ಇದರಲ್ಲಿ ಒಂದು ಕಿವಿಮಾತುಂಟು.

ಇನ್ನು ಸಾಮಗ್ರಿ. ಹಲಗೆ ಮತ್ತು ಬಳಪವಿರುವ ಪೆಟ್ಟಿಗೆ, ಭರಣಿ, ಲೇಖನಿಯ ಸಹಿತ ಮಸಿಕುಡಿಕೆಗಳು, ತಾಳೆಯ ಗರಿ ಅಥವಾ ಭೂರ್ಜದ ತೊಗಟೆ, ಗರಿಯ ಮೇಲೆ ಕೊರೆಯಲು ಕಬ್ಬಿಣದ ಕಂಟ, ನುಣುಪಾಗಿ ಒರೆಸಿದ ಗೋಡೆ. ಇವೆಲ್ಲ ಯಾವಾಗಲೂ ಕೈಗೆಟುಕುವಂತಿರಬೇಕು. ಈ ಪಟ್ಟಿಯಲ್ಲಿ ಗೋಡೆ ಏಕೆ ಬಂದಿತೆಂದು ಯೋಚಿಸಿದವರಿಗೆ ರಾಜಶೇಖರನು ಸ್ವತಃ ಬರೆಯುವವನೆಂಬುದು ಗೊತ್ತಾಗುತ್ತದೆ. ಹೊಳೆದ ಮಾತು ಹಲಗೆಯನ್ನು ಹುಡುಕುವವರೆಗೆ ಕಾಯುವುದಿಲ್ಲ. ಎದುರಿನ ಗೋಡೆಯ ಮೇಲಾದರೂ ಅದನ್ನು ಹಿಡಿದು ನಿಲ್ಲಿಸಬೇಕು.

ಹಲಗೆ, ಬಳಪ, ಕಂಟ ಇವು ಕನ್ನಡಿಗರಿಗೆ ಹೊಸವಲ್ಲ. ಹದಿನೈದನೆಯ ಶತಮಾನದ ನಮ್ಮ ಕುಮಾರವ್ಯಾಸನು ತನ್ನ ಹಿರಿಮೆಗಳನ್ನು ಎಣಿಸುವಾಗ, ಹಲಗೆ ಬಳಪಗಳನ್ನು ಮುಟ್ಟದಿರುವುದನ್ನೇ ಮೊದಲ ಹಿರಿಮೆಯೆಂದು ಹೇಳಿಕೊಂಡಿದ್ದಾನೆ. ಅದೇ ಪದ್ಯದಲ್ಲಿ ಗರಿಯ ಮೇಲೆ ಕಂಟದ ಸದ್ದು ನಿಲ್ಲದಿರುವುದನ್ನೂ ಹೆಮ್ಮೆಯಿಂದ ಸೇರಿಸಿದ್ದಾನೆ. ಕರಡಿಲ್ಲದೆ ನೇರವಾಗಿ ಗರಿಗೆ ಇಳಿಸಿದೆನೆಂದು ಇದರ ತಾತ್ಪರ್ಯ. ಗದುಗಿನ ವೀರನಾರಾಯಣನ ಗುಡಿಯ ಕಂಬವೊಂದನ್ನು ಒರಗಿ ಅವನು ಭಾರತವನ್ನು ಹಾಡಿದನೆಂದು ಪ್ರತೀತಿ. ಅಲ್ಲಿ ಧಾರಾಗೃಹವೂ ಇಲ್ಲ, ಉಯ್ಯಾಲೆಯೂ ಇಲ್ಲ. ಆದರೂ ಅವನ ಹೆಮ್ಮೆಯೇ ಒಂದು ಸಂಗತಿಯನ್ನು ಹೊರಗೆಡಹುತ್ತದೆ: ಉಳಿದ ಕವಿಗಳೆಲ್ಲರೂ ಹಲಗೆ ಬಳಪಗಳನ್ನು ಹಿಡಿದೇ ಬರೆಯುತ್ತಿದ್ದರು. ರಾಜಶೇಖರನ ಪೆಟ್ಟಿಗೆ ಕನೌಜಿನ ಸೊತ್ತು ಮಾತ್ರವಾಗಿರಲಿಲ್ಲ. ಕವಿಗಳಷ್ಟೇ ಅಲ್ಲ, ನಮ್ಮ ಹಳ್ಳಿಗಳ ಶಾನುಭೋಗರೂ ಈ ಬಳಪದ ಬಳಗದವರೇ. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಕಡತ ಹೋಗಿ ಕಾಗದದ ಪುಸ್ತಕಗಳು ಬಂದ ಮೇಲೂ ಊರಿನ ಲೆಕ್ಕ ಶಾನುಭೋಗರ ಮನೆಯನ್ನು ಬಿಡಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳು ೧೯೬೩ರಲ್ಲಿ ರದ್ದಾಗುವ ತನಕ ಎಷ್ಟೋ ಊರುಗಳಲ್ಲಿ ಅವರ ಪಡಸಾಲೆಯೇ ಸರ್ಕಾರದ ಕಚೇರಿ.

ಸಾಮಗ್ರಿಯ ಪಟ್ಟಿ ಮುಗಿದ ಕೂಡಲೇ ರಾಜಶೇಖರನು ಒಂದು ಚಮತ್ಕಾರ ಮಾಡುತ್ತಾನೆ. ಇವೇ ಕಾವ್ಯವಿದ್ಯೆಯ ಪರಿಕರಗಳೆಂದು ಆಚಾರ್ಯರು ಹೇಳುತ್ತಾರೆ, ಆದರೆ ಯಾಯಾವರೀಯನ ಮತದಲ್ಲಿ ಪ್ರತಿಭೆಯೊಂದೇ ಪರಿಕರ ಎಂದುಬಿಡುತ್ತಾನೆ. ಹಾಗಾದರೆ ಇಷ್ಟು ಹೊತ್ತು ಪಟ್ಟಿ ಕೊಟ್ಟದ್ದೇಕೆ? ಹಿಂದಿನವರ ಮಾತನ್ನು ಉದ್ಧರಿಸಿ ಕೊನೆಗೆ ತಳ್ಳಿಹಾಕಿದನೆಂದು ಹೇಳಿ ಮುಂದೆ ಹೋಗಬಹುದು. ನನಗೆ ಅದು ಸಾಲದೆನಿಸುತ್ತದೆ. ಏಕೆಂದರೆ ಪ್ರತಿಭೆಯೊಂದೇ ಸಾಕೆಂದವನು ಮರುಕ್ಷಣವೇ ದಿನದ ಹಂಚಿಕೆಗೆ ತೊಡಗುತ್ತಾನೆ. ಹೊತ್ತುಗೊತ್ತಿಲ್ಲದ ಕೆಲಸ ಕೆಟ್ಟುಹೋಗುತ್ತದೆ, ಆದ್ದರಿಂದ ಹಗಲನ್ನೂ ಇರುಳನ್ನೂ ನಾಲ್ಕು ನಾಲ್ಕು ಜಾವಗಳಾಗಿ ಒಡೆಯಬೇಕು ಎನ್ನುತ್ತಾನೆ. ಬಳಪವನ್ನು ಬಿಟ್ಟುಕೊಟ್ಟವನು ಹೊತ್ತನ್ನು ಬಿಟ್ಟುಕೊಡುವುದಿಲ್ಲ.

ಆ ಹಂಚಿಕೆಯನ್ನು ನೋಡಿ. ಜಾವವೆಂದರೆ ಮೂರು ಗಂಟೆ. ಬೆಳಗಿನ ಜಾವದಲ್ಲೆದ್ದು ಸಂಧ್ಯಾವಂದನೆ ಮುಗಿಸಿ, ‘ವಿದ್ಯಾವಸಥ’ದಲ್ಲಿ, ಎಂದರೆ ಓದಿಗೆಂದೇ ಇರುವ ಮನೆಯಲ್ಲಿ, ಹಾಯಾಗಿ ಕುಳಿತು ಮೊದಲ ಜಾವವೆಲ್ಲ ಓದಬೇಕು. ಆಗತಾನೇ ಓದಿದ್ದರ ಸಂಸ್ಕಾರದಂತೆ ಪ್ರತಿಭೆಯನ್ನು ಎಬ್ಬಿಸುವುದು ಇನ್ನೊಂದಿಲ್ಲ. ಎರಡನೆಯ ಜಾವ ರಚನೆಗೆ. ನಡುಹಗಲಿನ ಹೊತ್ತಿಗೆ ಸ್ನಾನ, ಮೈಗೆ ಒಗ್ಗುವ ಊಟ. ಆಮೇಲೆ ಮೂರನೆಯ ಜಾವ ಗೆಳೆಯರೊಡನೆ ಕಾವ್ಯಗೋಷ್ಠಿ, ಸಮಸ್ಯಾಪೂರಣ. ನಾಲ್ಕನೆಯ ಜಾವದಲ್ಲಿ ಒಬ್ಬನೇ, ಅಥವಾ ಆಯ್ದ ಕೆಲವರೊಡನೆ, ಬೆಳಿಗ್ಗೆ ಬರೆದದ್ದನ್ನು ಪರೀಕ್ಷಿಸಬೇಕು. ಭಾವದ ಆವೇಶದಲ್ಲಿ ಬರೆಯುವವನಿಗೆ ತಪ್ಪು ಕಾಣುವ ಕಣ್ಣಿರುವುದಿಲ್ಲ. ಆದ್ದರಿಂದ ಹೆಚ್ಚಾದುದನ್ನು ತೆಗೆಯಬೇಕು, ಕಡಿಮೆಯಾದುದನ್ನು ತುಂಬಬೇಕು, ಎಡೆತಪ್ಪಿದ್ದನ್ನು ಸರಿಪಡಿಸಬೇಕು, ಮರೆತದ್ದನ್ನು ನೆನೆದು ಸೇರಿಸಬೇಕು. ಸಂಜೆಯ ಪೂಜೆಯಾದ ಮೇಲೆ ತಿದ್ದಿದ್ದರ ಶುದ್ಧಪ್ರತಿ. ಇರುಳಿನ ನಡುವಣ ಎರಡು ಜಾವ ಚೆನ್ನಾಗಿ ನಿದ್ರಿಸಬೇಕು. ಒಳ್ಳೆಯ ನಿದ್ರೆ ಮೈಗೆ ಪರಮಾರೋಗ್ಯ. ಹೀಗೆ ಮಹಾಕವಿಗೂ ಹೊಸದಾಗಿ ರಚಿಸಲು ಅವನು ಕೊಡುವುದು ದಿನಕ್ಕೆ ಮೂರೇ ಗಂಟೆ. ಅದರ ಹಿಂದೆ ಮೂರು ಗಂಟೆಯ ಓದು, ಮುಂದೆ ಮೂರು ಗಂಟೆಯ ತಿದ್ದುಪಡಿ. ಇದಕ್ಕಿಂತ ವಿವೇಕದ ವೇಳಾಪಟ್ಟಿಯನ್ನು ನಾನು ಕಂಡಿಲ್ಲ.

ಎಲ್ಲರಿಗೂ ಇಡೀ ದಿನ ಕೈಯಲ್ಲಿರುವುದಿಲ್ಲವೆಂಬುದೂ ಅವನಿಗೆ ಗೊತ್ತು. ಅದಕ್ಕೇ ಕವಿಗಳಲ್ಲಿ ನಾಲ್ಕು ಬಗೆ ಮಾಡಿದ್ದಾನೆ. ಗುಹೆಯನ್ನೋ ನೆಲಮನೆಯನ್ನೋ ಹೊಕ್ಕು ಬಿಸಿಲನ್ನೇ ಕಾಣದೆ ನಿಷ್ಠೆಯಿಂದ ಬರೆಯುವವನು ‘ಅಸೂರ್ಯಂಪಶ್ಯ’. ಅಷ್ಟು ನಿಷ್ಠೆಯಿಲ್ಲದಿದ್ದರೂ ಮನಸ್ಸು ಬಂದಾಗ ಕುಳಿತು ಬರೆಯುವವನು ‘ನಿಷಣ್ಣ’. ಚಾಕರಿ ಮೊದಲಾದ ಹೊಣೆಗಳಿಗೆ ಅಡ್ಡಿಯಾಗದಂತೆ ಬಿಡುವಿನಲ್ಲಿ ಬರೆಯುವವನು ‘ದತ್ತಾವಸರ’. ಸಂದರ್ಭ ಬಂದಾಗ ಅದಕ್ಕೆ ತಕ್ಕಂತೆ ಬರೆಯುವವನು ‘ಪ್ರಾಯೋಜನಿಕ’. ಮೂರನೆಯವನ ಮೇಲೆ ರಾಜಶೇಖರನಿಗೆ ವಿಶೇಷ ಕನಿಕರವಿದ್ದಂತಿದೆ. ಅವನಿಗೆ ಒದಗುವ ಗಳಿಗೆಗಳನ್ನು ಹುಡುಕಿ ಹುಡುಕಿ ಹೇಳುತ್ತಾನೆ: ಇರುಳಿನ ಕೊನೆಯ ಅರೆಜಾವ, ಅದು ಸಾರಸ್ವತ ಮುಹೂರ್ತ, ಊಟವಾಗಿ ಮನಸ್ಸು ತೃಪ್ತವಾದ ಹೊತ್ತು, ಪಲ್ಲಕ್ಕಿಯಲ್ಲಿ ಪ್ರಯಾಣ ಮಾಡುವ ಹೊತ್ತು. ಕಾಲೇಜಿನ ಗಂಟೆಗೆ ಬದುಕನ್ನು ಕಟ್ಟಿಕೊಂಡ ನನ್ನಂಥವರೆಲ್ಲ ದತ್ತಾವಸರರು. ಪಲ್ಲಕ್ಕಿಯ ಬದಲು ಬಸ್ಸು. ನಮ್ಮ ಪಂಪನೂ ಈ ಬಗೆಯವನೇ ಎಂದು ನನ್ನ ಎಣಿಕೆ. ಕತ್ತಿ ಹಿಡಿದು ಒಡೆಯನ ಸೇವೆ ಮಾಡುತ್ತಲೇ ಅವನು ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ಭಾರತವನ್ನು ಆರು ತಿಂಗಳಲ್ಲಿಯೂ ಮುಗಿಸಿದೆನೆಂದು ಹೇಳಿಕೊಂಡಿದ್ದಾನೆ.

ಹೊತ್ತಿನ ಜೊತೆಗೆ ರಾಜಶೇಖರನು ಬಿಟ್ಟುಕೊಡದ ಇನ್ನೊಂದು ವಸ್ತು ಮೌನ. ಕಾವ್ಯದಲ್ಲಿ ಮುಳುಗಿ ದಣಿದ ಮನಸ್ಸಿಗೆ ಏಕಾಂತ ಬೇಕು. ಇಲ್ಲವೆ ಅಪ್ಪಣೆಯಾದೊಡನೆ ಮೂಕರಾಗುವ ಪರಿಜನರು ಬೇಕು ಎನ್ನುತ್ತಾನೆ. ಈ ಪರಿಜನರು ಆಡುವ ಭಾಷೆಯನ್ನೂ ಗೊತ್ತುಮಾಡಿದ್ದಾನೆ: ಊಳಿಗದ ಗಂಡಸರು ಅಪಭ್ರಂಶವನ್ನೂ ಹೆಂಗಸರು ಮಾಗಧಿಯನ್ನೂ ಬಲ್ಲವರಾಗಿರಬೇಕು, ಅಂತಃಪುರದವರು ಸಂಸ್ಕೃತ ಪ್ರಾಕೃತಗಳನ್ನು ಬಲ್ಲವರಾಗಿರಬೇಕು. ಲಿಪಿಕಾರನು ಹಲವು ಭಾಷೆ ಹಲವು ಲಿಪಿಗಳನ್ನು ಅರಿತು, ಅಂದವಾಗಿ ಬರೆದು, ಒಡೆಯನ ಇಂಗಿತವನ್ನು ತಿಳಿಯುವವನಾಗಿರಬೇಕು, ತಾನೂ ಕವಿಯಾಗಿರಬೇಕು. ಮನೆಯ ಮಾತನ್ನು ಹೀಗೆ ಯಜಮಾನನು ವಿಧಿಸಬಹುದೆಂಬುದಕ್ಕೆ ಅವನು ಕೊಡುವ ನಿದರ್ಶನಗಳಲ್ಲಿ ಒಂದು ನಮ್ಮ ಕುಂತಲದ್ದೇ. ಅಲ್ಲಿನ ಸಾತವಾಹನ ರಾಜನು ತನ್ನ ಅಂತಃಪುರದಲ್ಲಿ ಪ್ರಾಕೃತವನ್ನೇ ಆಡಬೇಕೆಂದು ಕಟ್ಟುಮಾಡಿದ್ದನಂತೆ. ಕನ್ನಡಿಗರ ದನಿಯೂ ಅವನ ಕಿವಿಗೆ ಬಿದ್ದಿತ್ತು. ರಸ ಯಾವುದಿರಲಿ, ರೀತಿ ಯಾವುದಿರಲಿ, ಕರ್ಣಾಟದವರೆಲ್ಲರೂ ಕೊನೆಯಲ್ಲಿ ಟಂಕಾರ ಹೊಡೆಸಿ ಗರ್ವದಿಂದ ಪದ್ಯ ಓದುತ್ತಾರೆಂದು ಬೇರೊಂದು ಅಧ್ಯಾಯದಲ್ಲಿ ಹೇಳಿದ್ದಾನೆ. ಮೌನಪ್ರಿಯನಾದ ಅವನ ಮನೆಯಲ್ಲಿ ನಮ್ಮವರಿಗೆ ಊಳಿಗ ಸಿಕ್ಕುತ್ತಿತ್ತೋ ಇಲ್ಲವೋ!

ನಗುವಿನ ಮಾತು ಹಾಗಿರಲಿ. ಅಪ್ಪಣೆಯಾದೊಡನೆ ಮೂಕರಾಗುವವರು ಎಂಬಲ್ಲಿಗೆ ಬಂದಾಗಲೆಲ್ಲ ನನಗೆ ಒಂದು ಪ್ರಶ್ನೆ ಹುಟ್ಟುತ್ತದೆ. ಒಬ್ಬನು ಮನೆಯಲ್ಲಿ ನೆಮ್ಮದಿಯಾಗಿ ಬರೆಯಬೇಕಾದರೆ ಇನ್ನಾರೋ ತಮ್ಮ ಮಾತನ್ನು ನುಂಗಿಕೊಳ್ಳಬೇಕು. ಆ ಇನ್ನಾರೋ ಬರೆಯುವುದು ಯಾವಾಗ?

ಈ ಪ್ರಶ್ನೆಯನ್ನು ರಾಜಶೇಖರನಿಗೆ ಹಾಕಲು ನಮಗೆ ಹಕ್ಕುಂಟು. ಏಕೆಂದರೆ ಅವನ ಮನೆಯಲ್ಲಿಯೇ ಇನ್ನೊಬ್ಬ ವಿದ್ವಾಂಸೆ ಇದ್ದಳು. ಅವನ ಹೆಂಡತಿ ಅವಂತಿಸುಂದರಿ ಚಾಹಮಾನ ಕುಲದವಳು. ‘ಕರ್ಪೂರಮಂಜರಿ’ಯನ್ನು ಆಡಿದ್ದು ಅವಳ ಇಚ್ಛೆಯಂತೆ. ‘ಕಾವ್ಯಮೀಮಾಂಸಾ’ದಲ್ಲಿ ಆಚಾರ್ಯರ ಮತಗಳ ಸಾಲಿನಲ್ಲಿಯೇ ಅವಳ ಮತವನ್ನೂ ಹೆಸರು ಹೇಳಿ ಕೊಟ್ಟಿದ್ದಾನೆ. ಒಂದು ಪದವನ್ನು ತೆಗೆದು ಇನ್ನೊಂದನ್ನು ಇಡಲು ಬಾರದಿದ್ದರೆ ಅದೇ ಕಾವ್ಯದ ಪಾಕವೆಂದು ವಾಮನನ ಅನುಯಾಯಿಗಳು ಹೇಳುತ್ತಿದ್ದರು. ಅದು ಪಾಕವಲ್ಲ, ಅಶಕ್ತಿ. ಒಂದೇ ವಸ್ತುವಿಗೆ ಮಹಾಕವಿಗಳಲ್ಲಿ ಹಲವು ಪಾಠಗಳು ಪಕ್ವವಾಗಿಯೇ ಇರುತ್ತವೆ ಎಂದು ಅವಂತಿಸುಂದರಿ ಅವರನ್ನು ಖಂಡಿಸುತ್ತಾಳೆ. ಕೈಯಲ್ಲಿ ಬಳಪ ಹಿಡಿದು ಅಳಿಸಿ ಬರೆದು ನೋಡಿದವರಿಗಲ್ಲದೆ ಈ ಮಾತು ಹೊಳೆಯುವಂಥದಲ್ಲ. ಪುರುಷರಂತೆ ಸ್ತ್ರೀಯರೂ ಕವಿಗಳಾಗಬಹುದು, ಸಂಸ್ಕಾರ ಸೇರುವುದು ಆತ್ಮವನ್ನು, ಅದಕ್ಕೆ ಹೆಣ್ಣು ಗಂಡೆಂಬ ಭೇದ ಬೇಕಿಲ್ಲ ಎಂದು ರಾಜಶೇಖರನು ಸ್ಪಷ್ಟವಾಗಿ ಬರೆದಿದ್ದಾನೆ. ರಾಜಪುತ್ರಿಯರು, ಮಂತ್ರಿಗಳ ಹೆಣ್ಣುಮಕ್ಕಳು, ಗಣಿಕೆಯರು ಶಾಸ್ತ್ರ ಬಲ್ಲ ಕವಿಗಳಾಗಿರುವುದನ್ನು ಕೇಳಿದ್ದೇವೆ, ಕಂಡೂ ಇದ್ದೇವೆ ಎನ್ನುತ್ತಾನೆ. ಇದು ಹತ್ತನೆಯ ಶತಮಾನದ ಮಾತೆಂಬುದನ್ನು ನೆನೆದರೆ ಅವನ ಮೇಲೆ ಗೌರವ ಹೆಚ್ಚುತ್ತದೆ. ಆದರೆ ಇಡೀ ದಿನಚರಿ ಗಂಡಸಿನದೇ. ಮೊದಲ ಜಾವದಲ್ಲಿ ಅವಂತಿಸುಂದರಿ ಎಲ್ಲಿ ಕುಳಿತಳು, ಅವಳಿಗಾಗಿ ಮೂಕರಾದವರು ಯಾರು ಎಂಬುದಕ್ಕೆ ಅಲ್ಲಿ ಒಂದು ಪಂಕ್ತಿಯೂ ಇಲ್ಲ. ಹೆಂಡತಿಯ ಬುದ್ಧಿಗೆ ಗ್ರಂಥದಲ್ಲಿ ಎಡೆ ಕೊಟ್ಟವನು ನಕ್ಷೆಯಲ್ಲಿ ಅವಳಿಗೊಂದು ಎಡೆಯನ್ನು ತೋರಿಸಲಿಲ್ಲ.

ಮೂಕ ಪರಿಜನರ ಕಡೆಯಿಂದ ಇದಕ್ಕೆ ಉತ್ತರ ಬಂದದ್ದು ಕನ್ನಡದಲ್ಲಿ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಚಿಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುವ ಊಳಿಗದವಳು ಹೊನ್ನಮ್ಮ. ಕರೆದಾಗ ಬಂದು, ತಾಂಬೂಲ ಕೊಟ್ಟು, ಸದ್ದಿಲ್ಲದೆ ಸರಿದು ನಿಲ್ಲುವ ಕೆಲಸ. ಆ ಹೊನ್ನಮ್ಮ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ಬರೆದಳು. ಹೆಣ್ಣೆಂದು ಹೀಗಳೆಯುವವರನ್ನು ಅದರಲ್ಲಿ ಅವಳು ನೇರವಾಗಿಯೇ ಪ್ರಶ್ನಿಸುತ್ತಾಳೆ. ರಾಜಶೇಖರನ ಮನೆಯಲ್ಲಿ ಕವಿಯ ಬಾಯಿಗೆ ತಾಂಬೂಲ ಬೇಕಿತ್ತು. ಮೈಸೂರಿನ ಅರಮನೆಯಲ್ಲಿ ತಾಂಬೂಲ ಹೊತ್ತವಳೇ ಕವಿಯಾದಳು. ಅವಳಿಗೆ ವಿದ್ಯೆ ಕಲಿಸಿದವರಿದ್ದರು, ರಾಣಿಯ ಪ್ರೋತ್ಸಾಹವಿತ್ತು. ಎಂದರೆ ಅರಮನೆಯಲ್ಲಿ ಯಾರೋ ಅವಳಿಗೆ ಒಂದಿಷ್ಟು ಹೊತ್ತನ್ನು ಬಿಡಿಸಿಕೊಟ್ಟರು. ಅಷ್ಟು ಸಾಕಾಯಿತು.

ಮನೆಯೊಳಗಿನ ಮೌನದಂತೆಯೇ ಮನೆಯ ಹೊರಗಿನ ಶಾಂತಿಯೂ ಬೇಕು. ಕೃತಿಗಳು ಹಾಳಾಗುವ ಕಾರಣಗಳನ್ನು ರಾಜಶೇಖರನು ಎಣಿಸಿದ್ದಾನೆ: ಒತ್ತೆಯಿಡುವುದು, ಮಾರುವುದು, ದಾನ ಕೊಡುವುದು, ದೇಶ ಬಿಡುವುದು, ಅಲ್ಪಾಯುಷ್ಯ, ಬೆಂಕಿ, ನೀರು. ಅದಕ್ಕೇ ಮುಗಿದ ಕೃತಿಗೆ ಹಲವು ಪ್ರತಿಗಳನ್ನು ಮಾಡಿಸಿಡಬೇಕೆನ್ನುತ್ತಾನೆ. ಆಮೇಲೆ ಮುಗಿಸೋಣ, ಆಮೇಲೆ ತಿದ್ದೋಣ, ಸ್ನೇಹಿತರೊಡನೆ ಆಲೋಚಿಸೋಣ ಎಂಬ ತಳಮಳವೂ ಕೃತಿಯನ್ನು ಕೊಲ್ಲುತ್ತದೆ. ಅದರ ಜೊತೆಯಲ್ಲಿಯೇ ‘ರಾಷ್ಟ್ರೋಪಪ್ಲವ’ವನ್ನು, ನಾಡಿನ ಅಲ್ಲೋಲಕಲ್ಲೋಲವನ್ನು ಹೇಳುತ್ತಾನೆ. ಇದು ಬರಿಯ ಶಾಸ್ತ್ರದ ಮಾತಲ್ಲ. ಕನೌಜಿಗೆ ಮಹೋದಯವೆಂದು ಇನ್ನೊಂದು ಹೆಸರು. ದಿಕ್ಕುಗಳನ್ನು ಎಲ್ಲಿಂದ ಎಣಿಸಬೇಕೆಂಬ ಚರ್ಚೆ ಬಂದಾಗ, ಮಹೋದಯದಿಂದಲೇ ಎಣಿಸಬೇಕೆಂದು ಅಭಿಮಾನದಿಂದ ತೀರ್ಮಾನ ಕೊಟ್ಟವನು ಅವನು. ಆ ಮಹೋದಯದ ಮೇಲೆ ಸುಮಾರು ೯೧೬ರಲ್ಲಿ ರಾಷ್ಟ್ರಕೂಟರ ಮುಮ್ಮಡಿ ಇಂದ್ರನು ದಂಡೆತ್ತಿ ಹೋದನು. ನಗರವನ್ನು ಬುಡಸಹಿತ ಕಿತ್ತನೆಂದು ೯೩೦ರ ಖಂಭಾತಿನ ತಾಮ್ರಶಾಸನ ಕೊಂಡಾಡುತ್ತದೆ. ಆ ದಂಡಿನಲ್ಲಿ ವೇಮುಲವಾಡದ ಚಾಳುಕ್ಯ ನರಸಿಂಹನೂ ಇದ್ದನು. ಅವನ ಮಗ ಅರಿಕೇಸರಿಯ ಆಶ್ರಯದಲ್ಲಿ ೯೪೧ರಲ್ಲಿ ಪಂಪನು ಬರೆದ ಕಾವ್ಯದಲ್ಲಿ, ಮಹೀಪಾಲನು ಉಣ್ಣದೆ ನಿದ್ರಿಸದೆ ಓಡಿದುದನ್ನೂ, ನರಸಿಂಹನು ತನ್ನ ಕುದುರೆಯನ್ನು ಗಂಗೆಯಲ್ಲಿ ಮೀಯಿಸಿದುದನ್ನೂ ಓದುತ್ತೇವೆ. ಓಡಿದ ಆ ಮಹೀಪಾಲನೇ ರಾಜಶೇಖರನ ಒಡೆಯ. ಈ ಪದ್ಯವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹಿಗ್ಗಿನಿಂದಲೇ ಓದುತ್ತೇನೆ; ನಮ್ಮ ಕುದುರೆ, ನಮ್ಮ ಕವಿ. ಆದರೆ ಕಾವ್ಯಮೀಮಾಂಸೆಯ ಈ ಅಧ್ಯಾಯವನ್ನು ಪಕ್ಕದಲ್ಲಿಟ್ಟುಕೊಂಡರೆ ಹಿಗ್ಗು ಸ್ವಲ್ಪ ತಗ್ಗುತ್ತದೆ. ನಮ್ಮ ಕವಿಯ ವೀರಗಾಥೆ ಇನ್ನೊಬ್ಬ ಕವಿಯ ಊರಿನ ಉಪಪ್ಲವ. ಮುಂದೆ ರಾಜಶೇಖರನು ನರ್ಮದೆಯ ಸೀಮೆಯ ತ್ರಿಪುರಿಯಲ್ಲಿ, ಕಲಚುರಿ ಯುವರಾಜದೇವನ ಆಸ್ಥಾನದಲ್ಲಿ ಕಾಣಿಸಿಕೊಳ್ಳುತ್ತಾನೆ. ‘ವಿದ್ಧಶಾಲಭಂಜಿಕಾ’ ಆಡಿದ್ದು ಅಲ್ಲಿ. ಯಾಯಾವರನು ಹೆಸರಿಗೆ ತಕ್ಕಂತೆ ಅಲೆದನು. ಹದಿನೆಂಟು ಅಧಿಕರಣಗಳಲ್ಲಿ ನಮಗೆ ಒಂದೇ ಉಳಿದಿದೆ.

ಇಷ್ಟೆಲ್ಲವನ್ನೂ ಕಂಡ ಮೇಲೆ, ಪ್ರತಿಭೆಯೊಂದೇ ಪರಿಕರವೆಂಬ ಅವನ ಮಾತನ್ನು ನಾನು ಹೀಗೆ ತಿಳಿಯುತ್ತೇನೆ. ಸಾಮಾನಿನಲ್ಲಿ ಹೆಚ್ಚು ಕಡಿಮೆಯಾದರೆ ಪ್ರತಿಭೆ ತೂಗಿಸಿಕೊಂಡು ಹೋಗುತ್ತದೆ. ಹಲಗೆಯಿಲ್ಲದಿದ್ದರೆ ಗೋಡೆ, ಗೋಡೆಯಿಲ್ಲದಿದ್ದರೆ ಗುಡಿಯ ಕಂಬ. ಆದರೆ ಹೊತ್ತನ್ನೂ ಮೌನವನ್ನೂ ಅದು ತಾನೇ ಹುಟ್ಟಿಸಿಕೊಳ್ಳಲಾರದು. ಅವನ್ನು ಬೇರೆಯವರು ಕೊಡಬೇಕು: ಹೊರಗೆ ನಾಡು, ಒಳಗೆ ಮನೆಯ ಜನ.

ಈಗ ಹೊಸದಾಗಿ ಮನೆಯಲ್ಲಿ ಕೆಲಸದ ಕೋಣೆಯನ್ನು ಅಣಿಮಾಡುವವರಿಗೆ ರಾಜಶೇಖರನ ಹತ್ತನೆಯ ಅಧ್ಯಾಯವನ್ನು ಓದಿ ಎಂದು ಧಾರಾಳವಾಗಿ ಹೇಳುತ್ತೇನೆ. ಮೇಜು ಕುರ್ಚಿಗಳ ಮಾತು ಆಮೇಲೆ. ಬೆಳಗಿನ ಓದಿಗೊಂದು ಜಾವ, ಬರೆಯುವುದಕ್ಕೊಂದು, ತಿದ್ದುವುದಕ್ಕೊಂದು ಎಂಬ ಲೆಕ್ಕವನ್ನು, ಜಾವ ಸಿಕ್ಕದವರು ಗಂಟೆಗಾದರೂ ಇಳಿಸಿಕೊಳ್ಳಲಿ. ಜೊತೆಗೆ ಅವನು ಬರೆಯದೆ ಬಿಟ್ಟ ಒಂದು ಪಂಕ್ತಿಯನ್ನು ತಾವೇ ಸೇರಿಸಿಕೊಳ್ಳಲಿ: ತಾವು ಬರೆಯುವಾಗ ಮಾತನ್ನು ತಡೆದುಕೊಂಡವರಿಗೂ ಮನೆಯಲ್ಲಿ ಒಂದು ಎಡೆ, ದಿನದಲ್ಲಿ ಒಂದು ಗಂಟೆ ಇರಬೇಕು, ಆ ಗಂಟೆಯಲ್ಲಿ ಮೂಕರಾಗುವ ಸರದಿ ತಮ್ಮದು.